ಗುಂಡುಕಲ್ಲಿನ ಗೋಡೆ, ಬೆಣೆಕಲ್ಲಿನ ಕಮಾನು

ದುಂಡಗಿನ ಬಂಡೆ ಕಂಡರೆ ಸಾಕು, ‘ಹಿಂದೆ ಇಲ್ಲಿ ನದಿ ಹರೀತಿತ್ತು’ ಎಂದುಬಿಡುತ್ತೇವೆ. ಹಂಪಿಯಲ್ಲೂ ಈ ಮಾತು ಕೇಳಿದ್ದೇನೆ. ಅಲ್ಲಿನ ಬಂಡೆಗಳು ಉರುಳಿ ಬಂದವಲ್ಲ. ಗ್ರಾನೈಟಿನ ಬಿರುಕುಗಳಿಗೆ ನೀರಿಳಿದು, ಮೂಲೆಗಳು ಮೊದಲು ಸವೆದು, ಇದ್ದಲ್ಲೇ ದುಂಡಗಾದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಈಸ್ಟನ್‌ನಲ್ಲಿರುವ ಬಂಡೆಗಳು ಮಾತ್ರ ನಿಜಕ್ಕೂ ಪ್ರಯಾಣ ಮಾಡಿದವು. ಆದರೆ ಹೊತ್ತು ತಂದದ್ದು ನದಿಯಲ್ಲ, ಹಿಮಯುಗದ ಮಂಜುಗಡ್ಡೆ. ಬೆಟ್ಟದಿಂದ ಕಿತ್ತು, ಒಂದಕ್ಕೊಂದು ಉಜ್ಜಿ, ಕರಗುವಾಗ ಹೊಲದ ತುಂಬ ಚೆಲ್ಲಿ ಹೋಯಿತು.

ಆ ಊರಿನ ಏಮ್ಸ್ ಮನೆತನ ಸಿರಿವಂತವಾದದ್ದು ಸಲಿಕೆ ತಯಾರಿಸಿ. ಸಲಿಕೆ ಊರಿದಲ್ಲೆಲ್ಲ ಠಣ್ ಎನ್ನುವ ನೆಲದಲ್ಲಿ! ಫ್ರೆಡರಿಕ್ ಏಮ್ಸ್‌ನ ಲ್ಯಾಂಗ್‌ವಾಟರ್ ಎಸ್ಟೇಟಿನ ಹೆಬ್ಬಾಗಿಲಿಗೆ 1880–81ರಲ್ಲಿ ವಾಸ್ತುಶಿಲ್ಪಿ ಎಚ್. ಎಚ್. ರಿಚರ್ಡ್‌ಸನ್ ಅದೇ ಬಂಡೆಗಳಿಂದ ಗೇಟ್ ಲಾಡ್ಜ್ ಕಟ್ಟಿಸಿದ. ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡ್ ಪಕ್ಕದ ರೂಮಲ್ಲ, ಕಾವಲುಗಾರನ ಮನೆ. ಒಳಗೆ ಹೋಗುವ ಗಾಡಿದಾರಿ ಅದರ ದೊಡ್ಡ ಕಮಾನಿನಡಿಯಲ್ಲೇ ಹಾಯುತ್ತದೆ.

ಇಂಥ ಗೋಡೆಯನ್ನು ಗಾರೆ ಅಂಟಿಸಿ ಹಿಡಿದಿದೆ ಅಂದುಕೊಳ್ಳುವವರೇ ಹೆಚ್ಚು. ಗಾರೆ ಇಲ್ಲಿ ಅಂಟಿಗಿಂತ ಹಾಸಿಗೆ: ಬಿಂದಿಗೆಯ ಕೆಳಗಿನ ಸಿಂಬಿಯ ಹಾಗೆ, ದುಂಡು ತಳ ಹೊರಳದಂತೆ ತಾಂಗುತ್ತದೆ. ಉಳಿದದ್ದು ತೂಕದ ಕೆಲಸ. ಮೇಲಿನ ಕಲ್ಲು ಕೆಳಗಿನದನ್ನು ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ.

ಕಮಾನಿಗೆ ಮಾತ್ರ ಈ ಉಪಾಯ ಸಾಲದು. ಅಲ್ಲಿ ಭಾರ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಪಕ್ಕಕ್ಕೆ ನುಗ್ಗುತ್ತದೆ. ಇಬ್ಬರು ಎದುರುಬದುರು ನಿಂತು ಅಂಗೈಗೆ ಅಂಗೈ ಕೊಟ್ಟು ಮುಂದಕ್ಕೆ ವಾಲಲಿ: ಇಬ್ಬರೂ ಬೀಳುವುದಿಲ್ಲ, ಆದರೆ ಕಾಲು ಹಿಂದಕ್ಕೆ ಜಾರತೊಡಗುತ್ತದೆ. ಅಂಗೈ ಬದಲು ಮುಷ್ಟಿಗೆ ಮುಷ್ಟಿ ಕೊಟ್ಟು ನೋಡಿ, ಕೈಯೇ ಜಾರುತ್ತದೆ. ಗುಂಡುಕಲ್ಲು ಮುಷ್ಟಿಯ ಹಾಗೆ, ಬೆಣೆಯಾಕಾರಕ್ಕೆ ಕಡಿದ ಕಲ್ಲು ಅಂಗೈಯ ಹಾಗೆ. ಅದಕ್ಕೇ ಗೋಡೆಯಲ್ಲಿ ಉಳಿ ಮುಟ್ಟದ ಬಂಡೆಗಳನ್ನು ಪೇರಿಸಿದ ರಿಚರ್ಡ್‌ಸನ್, ಕಮಾನಿಗೆ ಬಂದಾಗ ಕಡಿದ ಕಂದು ಮರಳುಗಲ್ಲಿನ ಬೆಣೆಗಳನ್ನು ಜೋಡಿಸಿದ. ನೋಡಿದವರು ಇದನ್ನು ಬಣ್ಣದ ಅಲಂಕಾರ ಎನ್ನುತ್ತಾರೆ. ಅಲಂಕಾರ ಹೌದು, ದುಡಿಯುವ ಅಲಂಕಾರ.

ಇನ್ನು ಜಾರುವ ಕಾಲಿಗೆ ಆಸರೆ? ಕಮಾನಿನ ಒಂದು ಮಗ್ಗುಲಿಗೆ ಕಾವಲುಗಾರನ ಮನೆ, ಇನ್ನೊಂದಕ್ಕೆ ಉದ್ದನೆಯ ಕಟ್ಟಡ. ಏಮ್ಸ್‌ಗೆ ಆರ್ಕಿಡ್ ಹುಚ್ಚು. ಆ ಉದ್ದನೆಯ ಭಾಗದಲ್ಲಿ ಚಳಿಗಾಲಕ್ಕೆ ಗಿಡಗಳನ್ನು ಬೆಚ್ಚಗಿಡುತ್ತಿದ್ದರು. ಗಿಡಗಳ ಸುತ್ತಲಿನ ಆ ದಪ್ಪ ಬಂಡೆಗೋಡೆಯೇ ಕಮಾನಿನ ನೂಕನ್ನೂ ತಡೆದುಕೊಂಡು ನಿಂತಿದೆ.