ಮೌಲಬಲ

ಪ್ರಾಚೀನ ಭಾರತದ ರಾಜನೀತಿ ಗ್ರಂಥಗಳಲ್ಲಿ ಅರಸನ ಸ್ವಂತ, ನೆಲೆಯೂರಿದ ಸೈನ್ಯಕ್ಕೆ ‘ಮೌಲಬಲ’ವೆಂದು ಹೆಸರು. 1909ರಲ್ಲಿ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಮೊದಲ ಬಾರಿಗೆ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಮೌಲ, ಭೃತ (ಸಂಬಳದ ಪಡೆ), ಶ್ರೇಣಿ (ವೃತ್ತಿಸಂಘಗಳ ಪಡೆ), ಮಿತ್ರ, ಅಮಿತ್ರ (ಶತ್ರುಪಕ್ಷದ ಪಡೆ), ಅಟವಿ (ಕಾಡುಜನರ ಪಡೆ) ಎಂಬ ಆರು ಬಗೆಯ ಬಲಗಳನ್ನು ಎಣಿಸಿ, ಅವುಗಳಲ್ಲಿ ಮೌಲಕ್ಕೆ ಮೊದಲ ಸ್ಥಾನ ಕೊಡುತ್ತದೆ. ಕಾಳಿದಾಸನ ರಘು ದಿಗ್ವಿಜಯಕ್ಕೆ ಕೊಂಡೊಯ್ಯುವ ‘ಷಡ್ವಿಧ ಬಲ’ವೂ ಇದೇ.

ಈ ಪದವನ್ನು ‘ಸಂಬಳದ ಕಾಯಂ ಸೈನ್ಯ’ವೆಂದಷ್ಟೇ ಅರ್ಥೈಸಿದರೆ ಅರ್ಧ ಮಾತ್ರ ಹೇಳಿದಂತೆ. ಸಂಬಳಕ್ಕೆ ದುಡಿಯುವುದು ಭೃತಬಲ. ಅದು ಸದಾ ಹತ್ತಿರವಿರುತ್ತದೆ, ಬೇಗ ಸಜ್ಜಾಗುತ್ತದೆ, ಹೇಳಿದ್ದನ್ನು ಕೇಳುತ್ತದೆ ಎಂದು ಕೌಟಿಲ್ಯನೇ ಮೆಚ್ಚುತ್ತಾನೆ. ಹಾಗಿದ್ದೂ ಮೌಲ ಅದಕ್ಕಿಂತ ಮೇಲಾಗುವುದು ಬೇರೆ ಕಾರಣಕ್ಕೆ: ಅರಸನ ಇರವೇ ತನ್ನ ಇರವೆಂದು ಬಾಳುವ, ಅವನಿಂದ ನಿತ್ಯವೂ ಮನ್ನಣೆ ಪಡೆಯುತ್ತ ಬಂದ ಪಡೆ ಅದು. ‘ಮೌಲ’ ಎಂಬುದು ‘ಮೂಲ’ದಿಂದ ಬಂದ ಪದ; ‘ಮೂಲ’ವೆಂದರೆ ಇಲ್ಲಿ ರಾಜ್ಯದ ಬೇರಾದ ರಾಜಧಾನಿ, ಸ್ವಂತ ನೆಲ. ಆ ನೆಲಕ್ಕೆ ತಲೆಮಾರುಗಳಿಂದ ಅಂಟಿಕೊಂಡವರು ಮೌಲರು.

ಆದುದರಿಂದಲೇ ಅವರನ್ನು ದಂಡಯಾತ್ರೆಗೆ ಕರೆದೊಯ್ಯುವುದು ತೂಗಿ ನೋಡಬೇಕಾದ ನಿರ್ಧಾರ. ಮೂಲದ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಮೌಲಬಲವಿದ್ದರೆ, ಎದುರಾಳಿಯ ಮೌಲರು ಬಹುಸಂಖ್ಯೆಯಲ್ಲಿದ್ದು ನಿಷ್ಠರಾಗಿದ್ದರೆ, ದಾರಿಯೋ ಕಾಲವೋ ದೀರ್ಘವಾಗಿದ್ದರೆ, ಭೃತಾದಿ ಪಡೆಗಳನ್ನು ಶತ್ರು ಒಡೆಯಬಹುದೆಂಬ ಅಂಜಿಕೆಯಿದ್ದರೆ ಅವರನ್ನು ಹೊರಡಿಸಬೇಕು. ಪ್ರಾಣಹಾನಿಯನ್ನೂ ವೆಚ್ಚವನ್ನೂ ತಾಳಿಕೊಳ್ಳುವ ಶಕ್ತಿ ಅವರಿಗಿದೆ ಎಂಬುದು ಕೌಟಿಲ್ಯನ ವಾದ. ಹಿಂದೆ ಬಿಟ್ಟುಹೋದರೆ ರಾಜಧಾನಿಯಲ್ಲೇ ತಿರುಗಿಬೀಳಬಹುದೆಂಬ ಶಂಕೆಯಿದ್ದಾಗಲೂ ಜೊತೆಗೊಯ್ಯಬೇಕೆಂದು ಅವನು ಸೇರಿಸುತ್ತಾನೆ. ನಿಷ್ಠೆಯನ್ನು ಇಷ್ಟು ಹೊಗಳಿದವನು ಅದನ್ನು ಕಣ್ಣುಮುಚ್ಚಿ ನಂಬದಿರುವುದು ಈ ಪ್ರಕರಣದ ಅತ್ಯಂತ ಗಮನಾರ್ಹ ಅಂಶವೆಂದು ನನಗೆ ತೋರುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿಯೂ ಮೌಲವು ಸೇನೆಯ ಬಗೆಗಳಲ್ಲೊಂದು. ರಾಮಾಯಣದ ಕಥನಗಳಲ್ಲಿ ಇಂದ್ರಜಿತು ಮಡಿದ ಬಳಿಕ ರಾವಣನು ಕಳುಹಿಸುವ ಮಹಾಸೈನ್ಯಕ್ಕೆ ‘ಮೂಲಬಲ’ವೆನ್ನುವುದೂ ಇದೇ ‘ಮೂಲ’ ಪದದ ಬಳಕೆ.

ಇತಿಹಾಸವನ್ನು ಬರೆಯುವವರು ಅರಸನ ಪ್ರತಿಯೊಬ್ಬ ಯೋಧನನ್ನೂ ಮೌಲನೆಂದು ಕರೆಯಬಾರದು. ಇಂದಿನ ಭೂಸೇನೆಯ ಕಾಯಂ ತುಕಡಿಗಳಿಗೂ ಈ ಪದ ಸರಿಹೊಂದದು. ಅಲ್ಲಿ ಸೇರ್ಪಡೆಗೆ ವಂಶವು ಆಧಾರವಲ್ಲ, ನಿಷ್ಠೆ ಸಲ್ಲುವುದು ಸಂವಿಧಾನಕ್ಕೆ. ಅವುಗಳನ್ನು ಕಾಯಂ ಸೇನೆ ಎಂದೇ ಕರೆದು, ಮೌಲಬಲವನ್ನು ಅರಸೊತ್ತಿಗೆಯ ಕಾಲಕ್ಕೆ ಮೀಸಲಿಡುವುದು ಯುಕ್ತ.