ಪದ ಪರಿಚಯ: ಜಿಮ್ಮಿನ 'ಇಂಟೆನ್ಸಿಟಿ'

ದಾವಣಗೆರೆಯ ಯಾವ ಜಿಮ್ಮಿಗಾದರೂ ಸಂಜೆ ಏಳಕ್ಕೆ ಹೋಗಿ ನಿಲ್ಲಿ. "ಇಂಟೆನ್ಸಿಟಿ ಸಾಲ್ತಿಲ್ಲಪ್ಪ, ಏರಿಸು!" ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕೇಳಿಸಿಕೊಂಡ ಹುಡುಗ ಇನ್ನೂ ಜೋರಾಗಿ ಕೂಗುತ್ತಾನೆ, ಇನ್ನಷ್ಟು ಬೆವರುತ್ತಾನೆ. ಏನನ್ನು ಏರಿಸಬೇಕು ಅಂತ ಅವನೂ ಕೇಳುವುದಿಲ್ಲ, ಹೇಳಿದವರೂ ಬಿಡಿಸಿ ಹೇಳುವುದಿಲ್ಲ. ಈ ಪದಕ್ಕೆ ಎರಡು ಅರ್ಥ ಇರುವುದೇ ಇಷ್ಟಕ್ಕೆಲ್ಲ ಕಾರಣ.

ಮೊದಲನೆಯದು ಪವರ್‌ಲಿಫ್ಟಿಂಗ್ (ಆದಷ್ಟು ಹೆಚ್ಚು ಭಾರ ಎತ್ತುವ ಸ್ಪರ್ಧೆ) ಮಾಡುವವರ ಲೆಕ್ಕ. ಒಂದೇ ಒಂದು ಸಲ ಸರಿಯಾಗಿ ಎತ್ತಬಲ್ಲ ಭಾರಕ್ಕೆ 'ಒನ್ ರೆಪ್ ಮ್ಯಾಕ್ಸ್' ಅನ್ನುತ್ತಾರೆ. ಬಾರ್ ಮೇಲಿರುವ ತೂಕ ಅದರಲ್ಲಿ ಶೇಕಡ ಎಷ್ಟೋ, ಅದೇ ಇಂಟೆನ್ಸಿಟಿ. ಮ್ಯಾಕ್ಸ್ 80 ಕೆಜಿ ಇದ್ದವನಿಗೆ 60 ಕೆಜಿ ಅಂದರೆ ಶೇ. 75. ಮ್ಯಾಕ್ಸ್ ತಿಳಿಯಲು ಸುಮ್ನೆ ಬೆನ್ನು ಮುರಿದುಕೊಳ್ಳಬೇಕಿಲ್ಲ. ಎಪ್ಲಿ ಸೂತ್ರ ಅಂತ ಒಂದಿದೆ: ರೆಪ್ಪುಗಳನ್ನು (ಅಂದರೆ ಬಿಡುವಿಲ್ಲದೆ ಎಷ್ಟು ಸಲ ಎತ್ತಿದಿರಿ ಅನ್ನುವ ಎಣಿಕೆಯನ್ನು) 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಿ. 60 ಕೆಜಿಯನ್ನು 10 ಸಲ ಎತ್ತಿ, ಹನ್ನೊಂದನೆಯದು ಬರದಿದ್ದರೆ ಮ್ಯಾಕ್ಸ್ ಸುಮಾರು 80. ಅಂದಾಜು ಅಷ್ಟೆ. ರೆಪ್ಪು ಜಾಸ್ತಿಯಾದಷ್ಟೂ ಲೆಕ್ಕ ಸಡಿಲ.

ಎರಡನೆಯದು ಬಾಡಿಬಿಲ್ಡರ್‌ಗಳ ಅರ್ಥ. ಇಲ್ಲಿ ತೂಕ ಎಷ್ಟಾದರೂ ಇರಲಿ, ಇನ್ನೊಂದು ಸಲವೂ ಎತ್ತಲಾಗದೆ ಕೈ ಸೋಲುವ ಹಂತಕ್ಕೆ ಎಷ್ಟು ಹತ್ತಿರ ಹೋಗಿ ನಿಲ್ಲಿಸಿದಿರಿ ಅನ್ನುವುದೇ ಇಂಟೆನ್ಸಿಟಿ. ನಾಟಿಲಸ್ ಅನ್ನುವ ವ್ಯಾಯಾಮದ ಯಂತ್ರ ತಂದ ಅಮೆರಿಕದ ಆರ್ಥರ್ ಜೋನ್ಸ್ 1970ರ ದಶಕದಲ್ಲಿ ಇದನ್ನು ಸಾರಿದ. ಆಮೇಲೆ ಬಾಡಿಬಿಲ್ಡರ್ ಮೈಕ್ ಮೆಂಟ್ಜರ್ ಇನ್ನಷ್ಟು ಬಿಗಿ ಮಾಡಿದ: ಸೆಟ್ಟು (ಬಿಡುವಿಲ್ಲದೆ ಎತ್ತುವ ಒಂದು ಸರದಿ) ಕಡಿಮೆ, ಆದರೆ ಸೋಲುವ ತನಕ. ಈಗ ಅಳೆಯುವುದು ಒಂದು ಪ್ರಶ್ನೆಯಿಂದ. ನಿಲ್ಲಿಸಿದಾಗ ಇನ್ನೆಷ್ಟು ರೆಪ್ಪು ಉಳಿದಿತ್ತು?

ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಎಪಿಎಂಸಿಗೆ ಹೋದರೆ ಇಂಟೆನ್ಸಿಟಿ ಬೇರೆ, ಒಟ್ಟು ಕೆಲಸ ಬೇರೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಹಮಾಲರು ದಿನವಿಡೀ ಚೀಲ ಹೊರುತ್ತಾರೆ. ಪಳಗಿದ ಆ ಮೈಗೆ ಒಂದು ಚೀಲ ದೊಡ್ಡ ಭಾರವಲ್ಲ. ಸೋಲುವ ತನಕ ಹೋಗುವ ಹಾಗೂ ಇಲ್ಲ, ಮುಂದಿನ ಲಾರಿ ಕಾಯುತ್ತಿರುತ್ತದೆ. ಎರಡೂ ಅರ್ಥದಲ್ಲಿ ಇಂಟೆನ್ಸಿಟಿ ಕಡಿಮೆ, ಒಟ್ಟು ಕೆಲಸ ಮಾತ್ರ ಬೆಟ್ಟದಷ್ಟು. ಜಿಮ್ಮಿನವರು ಅದನ್ನು 'ವಾಲ್ಯೂಮ್' ಅನ್ನುತ್ತಾರೆ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವ ಪೈಲ್ವಾನನದು ಇದರ ಉಲ್ಟಾ. ಒಂದೇ ಎತ್ತು, ಅದೂ ಶೇ. 100ರ ಆಸುಪಾಸು.

ಶಕ್ತಿ ಬೇಕಾದವರಿಗೆ ಮೊದಲ ಅರ್ಥ ಮುಖ್ಯ, ಭಾರ ಎತ್ತದೆ ಭಾರ ಎತ್ತುವ ಕಲೆ ಬರುವುದಿಲ್ಲ. ಮೈ ತುಂಬಬೇಕು ಅನ್ನುವವರಿಗೆ ಎರಡನೆಯದೇ ಮುಖ್ಯ. ಮ್ಯಾಕ್ಸಿನ ಶೇ. 30ರಷ್ಟು ಹಗುರ ತೂಕವೂ ಸೋಲುವ ಹತ್ತಿರಕ್ಕೆ ಒಯ್ದರೆ ಸ್ನಾಯು ಬೆಳೆಸುತ್ತದೆ. ಆದರೆ ಮೂವತ್ತು ನಲವತ್ತು ರೆಪ್ಪು ಮಾಡುವ ಉರಿ, ಬೇಜಾರು ಯಾರಿಗೆ ಬೇಕು? ಆರರಿಂದ ಹದಿನೈದು ರೆಪ್ಪು ಬರುವ ತೂಕ ಸಾಕು.

ಸ್ಟೀರಾಯ್ಡ್ ಇಲ್ಲದೆ ನ್ಯಾಚುರಲ್ ಆಗಿ ಬೆಳೆಯುವವರಿಗೆ ಇನ್ನೊಂದು ಮಾತು. ವ್ಯಾಯಾಮದ ನಂತರ ಸ್ನಾಯು ಕಟ್ಟುವ ಕೆಲಸ ಒಂದೆರಡು ದಿನ ಚುರುಕಾಗಿದ್ದು, ಆಮೇಲೆ ಇಳಿಯುತ್ತದೆ. ಹಾಗಾಗಿ ಸೋಮವಾರವೇ ಎದೆಯನ್ನು ಅರೆದು ಹಾಕಿ ಮುಂದಿನ ಸೋಮವಾರದ ತನಕ ಬಿಡುವುದಕ್ಕಿಂತ, ವಾರಕ್ಕೆ ಎರಡು ಸಲ ಹಂಚಿಕೊಳ್ಳುವುದು ನನಗೆ ಸರಿ ಕಾಣುತ್ತದೆ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಭಾರ ಎತ್ತುವುದು) ಎರಡು ರೆಪ್ಪು ಉಳಿಸಿ ನಿಲ್ಲಿಸಿ. ಬೈಸೆಪ್ಸ್ ಕರ್ಲ್‌ನಲ್ಲಿ (ಮೊಣಕೈ ಮಡಚಿ ಭಾರ ಎತ್ತುವುದು) ಕೈ ಸೋತರೂ ಅಷ್ಟು ಅಪಾಯವಿಲ್ಲ. ಇವತ್ತು 60 ಕೆಜಿ ಎಂಟು ಸಲ ಬಂದರೆ ಮುಂದೆ ಒಂಬತ್ತು, ಹತ್ತು ಬಂದ ಮೇಲೆ 62.5. ಊಟದ ಕಡೆ, ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂನಷ್ಟು ಪ್ರೋಟೀನ್ ಸಾಕು. (ಬೆಣ್ಣೆ ದೋಸೆಯಲ್ಲಿ ಅದು ಸಿಗಲ್ಲ. ನಾನೂ ಆಸೆಯಿಂದ ಲೆಕ್ಕ ಹಾಕಿ ನೋಡಿದ್ದೇನೆ.)

ಒಂದೇ ತೊಡಕು. 'ಇನ್ನೆರಡು ಉಳಿದಿದೆ' ಅನ್ನುವ ಅಂದಾಜು ಹೊಸಬರಿಗೆ ಸುಲಭವಾಗಿ ಹತ್ತುವುದಿಲ್ಲ. ಲೆಗ್ ಪ್ರೆಸ್‌ನಲ್ಲಿ (ಕಾಲಿನಿಂದ ಭಾರ ತಳ್ಳುವ ಯಂತ್ರ) ನಾನು ತಿಂಗಳುಗಟ್ಟಲೆ ಹಾಗಂದುಕೊಂಡೇ ಹತ್ತಕ್ಕೆ ನಿಲ್ಲಿಸುತ್ತಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಹಿರಿಯರೊಬ್ಬರು "ನಿಲ್ಲಿಸಬ್ಯಾಡ, ನಾನು ಎಣಿಸ್ತೀನಿ" ಅಂದರು. ಇನ್ನೂ ಏಳು ಬಂದವು.