ಹೊರವರ್ತುಲ ರಸ್ತೆಯ ಪಾಠ: ಸಾರಿಗೆ ಮತ್ತು ಭೂಬಳಕೆಯ ನಂಟು

ನಗರ ಯೋಜನೆಯ ಪಠ್ಯದಲ್ಲಿ ಸಾರಿಗೆಗೆ ಒಂದು ಅಧ್ಯಾಯ, ಭೂಬಳಕೆಗೆ ಇನ್ನೊಂದು. ಎರಡನ್ನೂ ಬಿಡಿಬಿಡಿಯಾಗಿ ಓದಿದರೆ ವ್ಯಾಖ್ಯಾನಗಳು ಬಾಯಿಪಾಠವಾಗುತ್ತವೆ, ನಗರ ಅರ್ಥವಾಗುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಓದಿ ನೋಡಿ.

ಸುಮಾರು 60 ಕಿ.ಮೀ. ಉದ್ದದ ಈ ರಸ್ತೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 1990ರ ದಶಕದಲ್ಲಿ ಹಂತಹಂತವಾಗಿ ಕಟ್ಟಲಾರಂಭಿಸಿ, 2000ದ ನಂತರದ ಮೊದಲ ವರ್ಷಗಳಲ್ಲಿ ಪೂರ್ಣಗೊಳಿಸಿತು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯ ಕಡೆಗೆ ಹೋಗುವ ಲಾರಿಗಳು ಊರೊಳಗೆ ನುಗ್ಗದೆ ಹೊರಗಿನಿಂದಲೇ ಸುತ್ತಿ ಹೋಗಲಿ ಎಂಬುದು ಅದರ ಮುಖ್ಯ ಉದ್ದೇಶ. ಆದರೆ ರಸ್ತೆಯಾದ ದಿನದಿಂದ ಬೆಳ್ಳಂದೂರು, ಮಾರತ್ತಹಳ್ಳಿ ಸುತ್ತಲಿನ ಹೊಲಗಳು ಎಲ್ಲರಿಗೂ ಸುಲಭವಾಗಿ ತಲುಪುವ ಜಾಗಗಳಾದವು. ತಲುಪುವುದು ಸುಲಭವಾದಲ್ಲಿ ನೆಲದ ಬೆಲೆ ಏರುತ್ತದೆ. ಏರಿದ ಬೆಲೆಯನ್ನು ರಾಗಿ ಬೆಳೆ ಭರಿಸಲಾರದು, ಕಚೇರಿ ಕಟ್ಟಡ ಭರಿಸುತ್ತದೆ. ಯಾವ ನೆಲ ಯಾವ ಬಳಕೆಗೆ ಎಂದು ಗೊತ್ತುಮಾಡುವ, 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆಯೂ (ಮಾಸ್ಟರ್ ಪ್ಲಾನ್) ಇಂಥ ದೊಡ್ಡ ರಸ್ತೆಗಳ ಇಕ್ಕೆಲಗಳಲ್ಲಿ ವಾಣಿಜ್ಯ ಬಳಕೆಗೆ ದಾರಿ ಮಾಡಿಕೊಟ್ಟಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿ.ಮೀ. ಪಟ್ಟಿ ಐಟಿ ಪಾರ್ಕ್‌ಗಳಿಂದ ತುಂಬಿತು. ಊರನ್ನು ಬಳಸಿ ಹೋಗಲೆಂದು ಮಾಡಿದ ದಾರಿಗೇ ಜನ ಬಂದಿಳಿಯತೊಡಗಿದರು.

ಇಲ್ಲೊಂದು ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 43,560 ಚದರ ಅಡಿ. ಎಲ್ಲ ಮಹಡಿಗಳೂ ಸೇರಿ ನಿವೇಶನದ ಮೂರು ಪಟ್ಟು ವಿಸ್ತೀರ್ಣ ಕಟ್ಟಲು ಅನುಮತಿಯಿದೆ, ಅಂದರೆ ಎಫ್‌ಎಆರ್ 3 ಎಂದುಕೊಳ್ಳಿ: ಸುಮಾರು 1,30,000 ಚದರ ಅಡಿ ಕಚೇರಿ. ತಲೆಗೆ 100 ಚದರ ಅಡಿಯಂತೆ 1,300 ಜನ. ಸಿಗ್ನಲ್ಲೇ ಇಲ್ಲದ ರಸ್ತೆಯ ಒಂದು ಪಥದಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರುಗಳು ಸಾಗಬಲ್ಲವು. ಇವರೆಲ್ಲ ಒಬ್ಬೊಬ್ಬರೇ ಕಾರಿನಲ್ಲಿ ಬಂದರೆ ಒಂದೂವರೆ ಎಕರೆಯ ಕಚೇರಿಯೇ ಒಂದು ಪಥವನ್ನು ಗಂಟೆಯ ಕಾಲ ನುಂಗಿಬಿಡುತ್ತದೆ. ಆದ್ದರಿಂದ ಎಫ್‌ಎಆರ್ ನಿಗದಿಪಡಿಸುವ ಅಧಿಕಾರಿ ಸಾರಿಗೆಯ ತೀರ್ಮಾನವನ್ನೂ ಮಾಡುತ್ತಿರುತ್ತಾನೆ. ಇಂತಿಷ್ಟು ಕಾರು ನಿಲ್ಲಿಸಲು ಜಾಗ ಬಿಡಲೇಬೇಕೆಂಬ ಕಟ್ಟಡ ನಿಯಮವೂ ಹಾಗೆಯೇ: ಕಾರು ತರುವವನಿಗೆ ಜಾಗ ಖಾತ್ರಿ, ಬಸ್ಸಿನಲ್ಲಿ ಬರುವವನಿಗೆ ಅಂಥ ಖಾತ್ರಿ ಯಾವುದೂ ಇಲ್ಲ.

ವಾಹನ ದಟ್ಟಣೆಗೆ ಪರಿಹಾರವೆಂದು ಮೇಲ್ಸೇತುವೆ, ಕೆಳಸೇತುವೆ ಕಟ್ಟಿದರೆ ಸರ್ಜಾಪುರದ ಕಡೆಯ ನೆಲವೂ ಹತ್ತಿರವಾಗುತ್ತದೆ. ಅಲ್ಲಿ ಬಡಾವಣೆಗಳೇಳುತ್ತವೆ, ವಾಹನಗಳು ಮತ್ತೆ ಇದೇ ರಸ್ತೆಗೆ ಇಳಿಯುತ್ತವೆ. ಪುಸ್ತಕದಲ್ಲಿ ಬರುವ ‘ಪ್ರೇರಿತ ಬೇಡಿಕೆ’ ಇದೇ.

ಬ್ರೆಜಿಲ್‌ನ ಕುರಿಟಿಬಾ ನಗರ ಬೇರೆ ಕ್ರಮ ಹಿಡಿಯಿತು. 1960ರ ದಶಕದ ಮಹಾಯೋಜನೆಯಲ್ಲಿ ನಗರ ಬೆಳೆಯಬೇಕಾದ ಅಕ್ಷಗಳನ್ನು ಗುರುತಿಸಿ, 1974ರಿಂದ ಆ ಅಕ್ಷಗಳ ಉದ್ದಕ್ಕೂ ಬಸ್ಸಿಗೇ ಮೀಸಲಾದ ಪಥಗಳನ್ನು ಹಾಕಿದರು. ಎತ್ತರದ ಕಟ್ಟಡಗಳಿಗೆ ಆ ಅಕ್ಷಗಳ ಪಕ್ಕದಲ್ಲಿ ಅನುಮತಿ. ದೂರ ಹೋದಂತೆ ಎತ್ತರಕ್ಕೆ ಕಡಿವಾಣ. ಜನದಟ್ಟಣೆಯೇ ಬಸ್ಸಿಗೆ ಪ್ರಯಾಣಿಕರನ್ನು ಒದಗಿಸಿತು. ನಮ್ಮಲ್ಲೂ ಜನದಟ್ಟಣೆ ಇತ್ತು, ಅದನ್ನು ಹೊರುವಷ್ಟು ಸಾಮೂಹಿಕ ಸಾರಿಗೆ ಇರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಬಿಡದೆ ನೆನಪಿಡಬೇಕಾದ ಅಂಶ ಇದು.

ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ, ಕಚೇರಿಗಳೆಲ್ಲ ನೆಲೆಯೂರಿದ ಮೇಲೆ. ಆರು ಬೋಗಿಯ ಒಂದು ರೈಲು ಸುಮಾರು 2,000 ಜನರನ್ನು ಹೊರಬಲ್ಲದು. ಐದು ನಿಮಿಷಕ್ಕೊಂದರಂತೆ ಓಡಿದರೆ ಒಂದು ದಿಕ್ಕಿನಲ್ಲಿ ಗಂಟೆಗೆ 24,000. ಆದರೆ ಆ ಪಟ್ಟಿಯ ಐಟಿ ಪಾರ್ಕ್‌ಗಳು ಕಾರಿಗೆಂದು ರೂಪಿಸಿದವು: ಉದ್ದನೆಯ ಕಾಂಪೌಂಡ್ ಗೋಡೆ, ಬೆರಳೆಣಿಕೆಯ ಗೇಟು. ನಿಲ್ದಾಣದ ಎದುರಿಗೇ ಕಾಣುವ ಕಟ್ಟಡಕ್ಕೂ ಗೋಡೆಯನ್ನು ಸುತ್ತಿ ನಡೆಯಬೇಕಾಗಬಹುದು. ನಿಲ್ದಾಣದ ಕಡೆಗೊಂದು ಗೇಟು ತೆರೆಯಿರಿ ಎಂದು ಆ ಪಾರ್ಕ್‌ಗಳನ್ನು ಒಪ್ಪಿಸುವುದು ರೈಲು ಓಡಿಸುವವರ ಕೈಯಲ್ಲಷ್ಟೇ ಇಲ್ಲ. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವವರ ಕೈಯಲ್ಲೂ ಇದೆ.